ಕ್ಯಾಂಟರ್‌ನಲ್ಲಿ ಸರಿಯಾದ ಕಾಲು: ಮಲೆನಾಡಿನ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಚಿಕ್ಕ ಲಾಯವಿದೆ: ಆರು ಕುದುರೆ, ಅವನ್ನು ನೋಡಿಕೊಳ್ಳುವ ಒಬ್ಬ ಸಯೀಸ, ನಾನು. ಭಾನುವಾರ ಸವಾರಿ ಕಲಿಯಲು ಬರುವ ಮಕ್ಕಳು, ಅವರನ್ನು ಬಿಟ್ಟು ಹೋಗಲೆಂದು ಬಂದು ಬೇಲಿಗೆ ಒರಗಿ ನಿಂತೇಬಿಡುವ ಅಪ್ಪಂದಿರು, ಸಾಗರ, ಹೊಸನಗರ, ಕೊಪ್ಪದ ಕಡೆಯಿಂದ ಫೋನ್ ಮಾಡುವ ಕುದುರೆ ಸಾಕಿದವರು, ಇವರೆಲ್ಲ ಕೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದೆ. ಕ್ಯಾಂಟರ್‌ನಲ್ಲಿ (ಕುದುರೆ ನೆಗೆನೆಗೆದು ಹೋಗುವ ಓಟದಲ್ಲಿ) ಯಾವ ಕಾಲು ಮುಂದೆ ಎಂಬ, ಕಾಲು ಹಿಡಿಯುವ ವಿಷಯವೊಂದೇ ಹದಿನೇಳು ಪುಟ ತುಂಬಿದ್ದರಿಂದ ಅದನ್ನು ಮಾತ್ರ ಇಲ್ಲಿ ಬೇರೆ ತೆಗೆದಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ.

## ಮೊದಲ ಮೆಟ್ಟಿಲು

ಕುದುರೆ ನಾಲ್ಕು ಕಾಲಿನಲ್ಲೂ ಓಡುತ್ತದೆ. ಅದರಲ್ಲಿ ಎಡಗಾಲು ಸರಿ, ಬಲಗಾಲು ತಪ್ಪು ಎನ್ನುವುದು ಎಲ್ಲಿಂದ ಬಂತು?

ನಡಿಗೆಯಲ್ಲಿ ನಾಲ್ಕು ಪೆಟ್ಟು: ತಕಧಿಮಿ. ಟ್ರಾಟ್‌ನಲ್ಲಿ (ನಡಿಗೆಗಿಂತ ಚುರುಕಾದ ಓಟದಲ್ಲಿ) ಎರಡು: ತಕ, ತಕ. ಈ ಎರಡರಲ್ಲೂ ಎಡ ಬಲ ಸಮ. ಕ್ಯಾಂಟರ್ ಹಾಗಲ್ಲ. ಅದು ತಕಿಟ, ತಕಿಟ. ನಡುವೆ ಒಂದು ಸಣ್ಣ ಮೌನ. ನಾಲ್ಕು ಕಾಲಿಗೆ ಮೂರೇ ಪೆಟ್ಟು ಹಂಚಿದಾಗ ದೇಹದ ಒಂದು ಮಗ್ಗುಲು ಮುಂದಾಗಲೇಬೇಕು, ಇನ್ನೊಂದು ಹಿಂದಾಗಲೇಬೇಕು. ಹೀಗೆ ಮುಂದಾಗುವ ಮಗ್ಗುಲನ್ನೇ ಲೀಡ್ ಎನ್ನುವುದು.

ಎಡಲೀಡ್‌ನಲ್ಲಿ ಮೊದಲು ಬಲ ಹಿಂಗಾಲು ಊರುತ್ತದೆ, ಅದು ‘ತ’. ಅನಂತರ ಎಡ ಹಿಂಗಾಲು ಮತ್ತು ಬಲ ಮುಂಗಾಲು ಒಟ್ಟಿಗೆ, ಅದು ‘ಕಿ’. ಕೊನೆಗೆ ಎಡ ಮುಂಗಾಲು, ಅದು ‘ಟ’. ಆಮೇಲೆ ಒಂದು ಕ್ಷಣ ನಾಲ್ಕೂ ಕಾಲು ಗಾಳಿಯಲ್ಲಿ. ಕೊನೆಯಲ್ಲಿ ಊರುವ ಎಡ ಮುಂಗಾಲು ಉಳಿದೆಲ್ಲಕ್ಕಿಂತ ಮುಂದೆ ಚಾಚುವುದರಿಂದ ಕಣ್ಣಿಗೆ ಅದೇ ಯಜಮಾನನಂತೆ ಕಾಣುತ್ತದೆ, ಲೀಡ್‌ಗೆ ಹೆಸರೂ ಅದರದೇ. ಆದರೆ ತೀರ್ಮಾನ ಆದದ್ದು ಹಿಂದೆ, ಬಲ ಹಿಂಗಾಲಿನಲ್ಲಿ. ಮುಂಗಾಲನ್ನು ನೋಡುತ್ತಾ ಕೂತ ಸವಾರನಿಗೆ ಸುದ್ದಿ ತಲುಪುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಈ ಪುಟದ ಮುಂದಿನ ಉತ್ತರಗಳೆಲ್ಲ ಇದೊಂದು ಮಾತಿನ ಮೇಲೆ ನಿಂತಿವೆ.

ಎಡಕ್ಕೆ ಸುತ್ತುವಾಗ ಎಡಲೀಡ್, ಬಲಕ್ಕೆ ಸುತ್ತುವಾಗ ಬಲಲೀಡ್ ಸರಿ. ನೇರ ದಾರಿಯಲ್ಲಿ ಯಾವುದಾದರೂ ಆದೀತು. ಮನೆ ತುಂಬುವ ಮದುಮಗಳಿಗೆ ಇರುವಂತೆ ಬಲಗಾಲೇ ಮೊದಲು ಎನ್ನುವ ಶಾಸ್ತ್ರ ಕುದುರೆಗಿಲ್ಲ.

ಬಯಲಿನಲ್ಲಿ ಬಿಟ್ಟಾಗ ತಾನಾಗಿಯೇ ಸರಿಯಾದ ಕಾಲು ಹಿಡಿಯುತ್ತದೆ. ನಾನು ಹತ್ತಿದ ಕೂಡಲೇ ಏಕೆ ತಪ್ಪುತ್ತದೆ?

ನೀವು ಹತ್ತಿದ್ದರಿಂದಲೇ. ಅರವತ್ತು ಎಪ್ಪತ್ತು ಕಿಲೋ ಭಾರ, ಅದೂ ಸುಮ್ಮನೆ ಕೂರದ ಭಾರ ಬೆನ್ನಿನ ಮೇಲೆ ಬಂದರೆ ಕುದುರೆ ತನ್ನ ತೂಕದ ಲೆಕ್ಕವನ್ನು ಹೊಸದಾಗಿ ಹಾಕಬೇಕಾಗುತ್ತದೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಗದ್ದೆಯ ಅಂಚಿನ ಮೇಲೆ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಡಕ್ಕೆ ತಿರುಗುವಾಗ ಸವಾರ ಎಡಕ್ಕೆ ವಾಲಿದರೆ ಕುದುರೆಯ ಎಡ ಹೆಗಲ ಮೇಲೆ ಭಾರ ಬೀಳುತ್ತದೆ. ಭಾರ ಬಿದ್ದ ಕಾಲನ್ನು ಅದು ಚಾಚಲಾರದು, ಹಗುರವಾಗಿರುವ ಬಲಗಾಲನ್ನೇ ಚಾಚುತ್ತದೆ. ತಪ್ಪು ಲೀಡ್‌ನ ಬಹುಪಾಲು ಕಥೆ ಇಷ್ಟೇ.

ಬಗ್ಗಿ ನೋಡದೆ ಯಾವ ಲೀಡ್ ಎಂದು ತಿಳಿಯುವುದು ಹೇಗೆ?

ಬಗ್ಗುವ ಚಾಳಿಯನ್ನು ಮೊದಲು ಬಿಡಿ. ಮೇಲೆ ಹೇಳಿದ ವಾಲುವಿಕೆ ಶುರುವಾಗುವುದೇ ಅಲ್ಲಿ. ಸೊಂಟಕ್ಕೆ ಗೊತ್ತಾಗುತ್ತದೆ. ಎಡಲೀಡ್‌ನಲ್ಲಿ ನಿಮ್ಮ ಎಡ ಸೊಂಟ, ಎಡ ಮೊಣಕಾಲು ಬಲದ್ದಕ್ಕಿಂತ ತುಸು ಮುಂದೆ ಹೋಗಿ ಬರುತ್ತವೆ, ಓರೆಯಾಗಿ ಕಟ್ಟಿದ ಉಯ್ಯಾಲೆಯಲ್ಲಿ ಕೂತ ಹಾಗೆ. ಬಲಲೀಡ್‌ನಲ್ಲಿ ಇದರ ತಿರುಗುಮುರುಗು.

ನಮ್ಮಲ್ಲಿ ಮಕ್ಕಳಿಗೆ ಮಾಡಿಸುವ ಅಭ್ಯಾಸ ಹೀಗಿದೆ. ಉದ್ದನೆಯ ಹಗ್ಗದ ತುದಿ ನನ್ನ ಕೈಯಲ್ಲಿರುತ್ತದೆ, ಕುದುರೆ ನನ್ನ ಸುತ್ತ ಸುತ್ತುತ್ತದೆ, ಮೇಲೆ ಕೂತ ಮಗು ಕಣ್ಣು ಮುಚ್ಚಿಕೊಂಡು ಕ್ಯಾಂಟರ್ ಶುರುವಾದ ಕೂಡಲೇ ಎಡ ಅಥವಾ ಬಲ ಎಂದು ಕೂಗಬೇಕು. ಮೊದಲ ದಿನ ಊಹೆ. ಮೂರನೆಯ ವಾರಕ್ಕೆ ಊಹೆಯಲ್ಲ. ದೊಡ್ಡವರಿಗೆ ಇನ್ನೂ ತಡವಾಗುತ್ತದೆ, ಏಕೆಂದರೆ ಅವರು ಕಣ್ಣಿನ ಸಂದಿಯಿಂದ ನೋಡುತ್ತಾರೆ.

ಮೊಬೈಲಿನಲ್ಲಿ ವಿಡಿಯೋ ತೆಗೆದೆ. ಆದರೂ ಯಾವ ಕಾಲು ಮೊದಲು ಎಂದು ಗೊತ್ತಾಗುತ್ತಿಲ್ಲ.

ನಿಮ್ಮ ಕಣ್ಣಿನ ತಪ್ಪಲ್ಲ. 1878ರಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಅಮೆರಿಕದಲ್ಲಿ ಸಾಲಾಗಿ ಕ್ಯಾಮರಾ ಜೋಡಿಸಿ ಓಡುವ ಕುದುರೆಯ ಚಿತ್ರ ತೆಗೆಯುವವರೆಗೆ ನಾಲ್ಕೂ ಕಾಲು ನೆಲ ಬಿಡುತ್ತವೆಯೇ, ಬಿಟ್ಟರೆ ಯಾವ ಭಂಗಿಯಲ್ಲಿ ಎಂಬುದೇ ಜನರಿಗೆ ಖಚಿತವಿರಲಿಲ್ಲ. ನಮ್ಮ ಬಳ್ಳಿಗಾವಿ, ಕೆಳದಿ ಕಡೆಯ ವೀರಗಲ್ಲುಗಳನ್ನು ನೋಡಿ: ಹಲವು ಕುದುರೆಗಳು ಎರಡೂ ಮುಂಗಾಲನ್ನು ಒಟ್ಟಿಗೆ ಎತ್ತಿಕೊಂಡು ನಿಂತಿವೆ. ಶಿಲ್ಪಿಗೆ ವೀರ ಮುಖ್ಯ, ಲೀಡ್ ಅಲ್ಲ.

ಸುತ್ತಿನ ಹೊರಬದಿಯ ಹಿಂಗಾಲಿಗೆ ಒಂದು ಬಿಳಿ ಬಟ್ಟೆ ಸುತ್ತಿ, ಬಿಗಿಯಾಗದಂತೆ, ಜಾರದಂತೆ. ಕುದುರೆಯ ಮಗ್ಗುಲಿಗೆ ನಿಂತು ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ನಾಲ್ಕೂ ಕಾಲು ಗಾಳಿಯಲ್ಲಿರುವ ಚಿತ್ರಕ್ಕೆ ಬಂದು ನಿಲ್ಲಿಸಿ. ಅದಾದ ಮೇಲೆ ನೆಲ ಮುಟ್ಟುವ ಮೊದಲ ಕಾಲಿಗೆ ಬಟ್ಟೆ ಇದ್ದರೆ ಸರಿ.

ಮರಿಗೆ ಎಷ್ಟು ವಯಸ್ಸಾದ ಮೇಲೆ ಇದನ್ನೆಲ್ಲ ಕಲಿಸಬಹುದು?

ಮೂರು ತುಂಬಿದ ಮೇಲೆ ಸವಾರನಿಲ್ಲದೆ, ದೊಡ್ಡ ಸುತ್ತಿನಲ್ಲಿ, ಸ್ವಲ್ಪ ಹೊತ್ತು. ಮೇಲೆ ಕೂತು ಕ್ಯಾಂಟರ್ ಕಲಿಸಲು ನಾನು ನಾಲ್ಕು ತುಂಬುವವರೆಗೆ ಕಾಯುತ್ತೇನೆ. ಕುದುರೆಯ ಬೆನ್ನೆಲುಬು ಐದಾರು ವರ್ಷದವರೆಗೂ ಬಲಿಯುತ್ತಲೇ ಇರುತ್ತದೆ. ಅವಸರವಿರುವುದು ನಮಗೆ.

## ಜಾಗ, ನೆಲ, ಮಳೆ

ನಮ್ಮೂರಿನಲ್ಲಿ ಸಮತಟ್ಟು ಜಾಗವೇ ಇಲ್ಲ. ಎಲ್ಲಿ ಕಲಿಸಲಿ?

ಮಲೆನಾಡಿನವರ ನಿಜವಾದ ಕಷ್ಟ ಇದು. ಕಲಿಯುವ ಕುದುರೆಗೆ ಕನಿಷ್ಠ 20 ಮೀಟರ್ ಅಡ್ಡಳತೆಯ ಸುತ್ತು ಬೇಕು, ಅಂದರೆ ಸುಮಾರು 65 ಅಡಿ. ನಮ್ಮ ಮೆಟ್ಟಿಲು ಗದ್ದೆಗಳಲ್ಲಿ ಅಷ್ಟಗಲ ಸಿಗುವುದು ಅಪರೂಪ. ಕೊಯ್ಲಾದ ಮೇಲೆ, ಕೂಳೆ ಒಣಗಿ ನೆಲ ಇನ್ನೂ ಕಲ್ಲಾಗದ ಆ ನಡುವಿನ ವಾರಗಳಲ್ಲಿ, ಕಣಿವೆಯ ದೊಡ್ಡ ಗದ್ದೆ ಒಳ್ಳೆಯ ಜಾಗ. ಯಾರದು ಎಂದು ಕೇಳಿ ಒಪ್ಪಿಗೆ ಪಡೆಯಿರಿ. ಒಮ್ಮೆ ಕಾಲ್ನಡಿಗೆಯಲ್ಲಿ ಪೂರ್ತಿ ಸುತ್ತಿ ಬನ್ನಿ: ಅಂಚಿನ ಬುಡದಲ್ಲಿ ಏಡಿ ಬಿಲ, ನಡುವೆ ಹೆಗ್ಗಣದ ಬಿಲ ಇದ್ದೇ ಇರುತ್ತವೆ. ಕ್ಯಾಂಟರ್‌ನಲ್ಲಿ ಒಂದು ಗೊರಸು ಬಿಲದೊಳಗೆ ಇಳಿದರೆ ಮುಂದಿನದನ್ನು ನಾನು ಬರೆಯಲಾರೆ.

ಇಳಿಜಾರೇ ಗತಿ ಎನ್ನುವವರು ಅದನ್ನೇ ಬಳಸಿಕೊಳ್ಳಬಹುದು. ತೀರ ಕಡಿದಾಗಿಲ್ಲದ ಕಡೆ ದೊಡ್ಡ ಸುತ್ತು ಹಾಕಿ, ಸುತ್ತು ಏರಿಗೆ ತಿರುಗುವ ಜಾಗದಲ್ಲಿ ಕ್ಯಾಂಟರ್ ಕೇಳಿ. ಏರಿನಲ್ಲಿ ಕುದುರೆ ಹಿಂಗಾಲನ್ನು ಹೊಟ್ಟೆಯ ಕೆಳಗೆ ತಂದು ಒತ್ತಲೇಬೇಕು, ಹೆಗಲು ತಾನಾಗಿ ಹಗುರವಾಗುತ್ತದೆ. ಇಳುಕಲಿಗೆ ಬರುವ ಮೊದಲೇ ಟ್ರಾಟ್‌ಗೆ ಇಳಿಸಿ. ನನ್ನ ಎರಡು ಕುದುರೆಗಳು ಮೊದಲ ಸರಿಯಾದ ಲೀಡ್ ಹಿಡಿದದ್ದು ಸಮತಟ್ಟಿನಲ್ಲಲ್ಲ, ಗುಡ್ಡದ ಬುಡದಲ್ಲಿ.

ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳ ದೊಡ್ಡದಾಗಿದೆ, ಆಗಬಹುದೇ?

ಬೇಡ. ಲಾಳ ಕಟ್ಟಿದ ಕುದುರೆ ಸಿಮೆಂಟಿನ ಮೇಲೆ ಜಾರುತ್ತದೆ. ಜಾರದಿದ್ದರೂ ಪ್ರತಿ ಪೆಟ್ಟೂ ನೇರ ಗಂಟಿಗೆ ಹೋಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹೊರಗೆ ಕಾಲಿಡುವಂತಿಲ್ಲ. ಕಲಿತದ್ದು ಮರೆತುಹೋಗುವುದಿಲ್ಲವೇ?

ಮರೆಯುವುದಿಲ್ಲ. ನೆನೆದ ಜಂಬಿಟ್ಟಿಗೆ ಮಣ್ಣಿನ ಮೇಲೆ ಕ್ಯಾಂಟರ್ ಮಾಡಿಸಲೇಬೇಡಿ. ಒಮ್ಮೆ ಹಿಂಗಾಲು ಜಾರಿದರೆ ಕುದುರೆಗೆ ಆ ಲೀಡ್ ಮೇಲೆಯೇ ಅಪನಂಬಿಕೆ ಹುಟ್ಟುತ್ತದೆ. ಆ ಅಪನಂಬಿಕೆಯನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಮಳೆಗಾಲ ನಡಿಗೆಯ ಕಾಲ. ಮಾಡಿನ ಕೆಳಗೆ ಹತ್ತು ಹೆಜ್ಜೆ ಜಾಗವಿದ್ದರೂ ಸಾಕು. ಸವಾರನ ಒಂದು ಕಾಲಿನ ಒತ್ತಿಗೆ ಕುದುರೆ ಪಕ್ಕಕ್ಕೆ ಸರಿಯುವುದು, ನಿಂತಲ್ಲೇ ಹಿಂಭಾಗವನ್ನು ಒಂದೊಂದೇ ಹೆಜ್ಜೆ ಸುತ್ತಿಸುವುದು, ಹೆಗಲನ್ನು ತುಸು ಒಳಗಿಟ್ಟುಕೊಂಡು ನಡೆಯುವುದು. ಹೊರಗಾಲು ಒತ್ತಿದರೆ ಹಿಂಭಾಗ ಒಳಕ್ಕೆ ಎಂಬ ಪಾಠವನ್ನು ನಡಿಗೆಯಲ್ಲಿ ಕಲಿತ ಕುದುರೆಗೆ ಅಕ್ಟೋಬರಿನಲ್ಲಿ ಲೀಡ್ ಅರ್ಧ ಬಂದಂತೆಯೇ. ಇನ್ನೊಂದು ಕೆಲಸ: ದಿನವೂ ಗೊರಸನ್ನು ಎತ್ತಿ, ಕೆರೆದು, ಮೂಸಿ ನೋಡಿ. ಅಡಿಭಾಗದ ಸಂದಿಯಲ್ಲಿ ಕಪ್ಪು ಕೀವಿನಂಥದ್ದು ಕಂಡು ಕೊಳೆತ ವಾಸನೆ ಬಂದರೆ ಲಾಯದ ನೆಲ ಒಣಗಿಲ್ಲ ಎಂದರ್ಥ. ನೋಯುವ ಗೊರಸಿನ ಮೇಲೆ ಯಾವ ಕುದುರೆಯೂ ಮೊದಲ ಪೆಟ್ಟು ಹಾಕುವುದಿಲ್ಲ. ಇಂಬಳ ಕಚ್ಚಿದ್ದಕ್ಕೆ ಗಾಬರಿ ಬೇಡ, ಅದು ನಮ್ಮನ್ನೂ ಕಚ್ಚುತ್ತದೆ.

## ಕಲಿಸುವ ಕೆಲಸ

ಮೇಲೆ ಕೂರುವ ಮೊದಲು ಹಗ್ಗದಲ್ಲಿ ಸುತ್ತಿಸಿ ಕಲಿಸಬೇಕೇ?

ಸುತ್ತಿಸಿದರೆ ಒಳ್ಳೆಯದು. ಮಾತಿನ ಸೂಚನೆ ಅಲ್ಲಿಯೇ ಕಲಿಯುತ್ತದೆ. ನಮ್ಮ ಸಯೀಸ ಕ್ಯಾಂಟರ್‌ಗೆ ನಾಲಿಗೆಯಿಂದ ಎರಡು ಸಲ ಲೊಚಗುಡುತ್ತಾನೆ. ಆಮೇಲೆ ಸವಾರ ಮೇಲಿಂದ ಅದೇ ಸದ್ದು ಮಾಡಿದರೆ ಕುದುರೆಗೆ ಅರ್ಥವಾಗುತ್ತದೆ. ಆದರೆ ಸಣ್ಣ ಸುತ್ತಿನಲ್ಲಿ ಅರ್ಧ ಗಂಟೆ ಓಡಿಸುವುದು ಕಲಿಕೆಯಲ್ಲ, ಗಾಣ. ಒಂದೊಂದು ದಿಕ್ಕಿಗೆ ಐದಾರು ನಿಮಿಷ ಸಾಕು.

ಸರಿಯಾಗಿ ಹೇಳಿ ಸರ್: ಎಡಗಾಲು ಎಲ್ಲಿರಬೇಕು, ಬಲಗಾಲು ಎಲ್ಲಿರಬೇಕು, ಲಗಾಮು ಎಷ್ಟು ಹಿಡಿಯಬೇಕು?

ಎಡಲೀಡ್‌ಗೆ ಹೇಳುತ್ತೇನೆ. ಬಲಕ್ಕೆ ನೀವೇ ತಿರುಗಿಸಿಕೊಳ್ಳಿ.

ನೆಮ್ಮದಿಯ ಟ್ರಾಟ್‌ನಲ್ಲಿ ಎಡ ಸುತ್ತಿನಲ್ಲಿರಿ. ಎಡ ಲಗಾಮನ್ನು ಕುದುರೆಯ ಎಡಗಣ್ಣಿನ ಅಂಚು ಕಾಣುವಷ್ಟು ಮಾತ್ರ ಮೃದುವಾಗಿ ಹಿಡಿಯಿರಿ. ಕೆನ್ನೆ ಪೂರ್ತಿ ಕಂಡರೆ ಹೆಚ್ಚಾಯಿತು. ಬಲ ಲಗಾಮು ಬಲ ಹೆಗಲು ಹೊರಗೆ ಜಾರದಂತೆ ಗೋಡೆಯ ಹಾಗೆ ಇರಲಿ. ನಿಮ್ಮ ಬಲಗಾಲು ಜೀನು ಬಿಗಿಯುವ ಹೊಟ್ಟೆಪಟ್ಟಿಯಿಂದ ಒಂದು ಅಂಗೈಯಗಲ ಹಿಂದೆ ಸರಿಯಲಿ. ಎಡಗಾಲು ಹೊಟ್ಟೆಪಟ್ಟಿಯ ಪಕ್ಕದಲ್ಲೇ ಇರಲಿ. ಭಾರ ಎಡ ಕುಂಡಿಯ ಮೂಳೆಯ ಮೇಲೆ ಒಂದು ಎಳೆ ಹೆಚ್ಚಿರಲಿ. ಮೈ ವಾಲಬಾರದು, ಭುಜ ನೆಟ್ಟಗೆ. ಯಾವ ಕಾಲು ಎಂದು ಹೇಳುವುದು ಬಲಗಾಲು, ಯಾವಾಗ ಎಂದು ಹೇಳುವುದು ಎಡಗಾಲು. ಬಲಗಾಲನ್ನು ಹಿಂದಿಟ್ಟು ಒಂದು ಉಸಿರು ಕಾಯಿರಿ, ಎಡಗಾಲಿನಿಂದ ಒಮ್ಮೆ ಒತ್ತಿ. ಕೆಲವು ಶಿಕ್ಷಕರು ಹೊರಗಾಲನ್ನೇ ಕೊನೆಯ ಸೂಚನೆಯಾಗಿ ಬಳಸುತ್ತಾರೆ. ಅದೂ ತಪ್ಪಲ್ಲ, ಆದರೆ ಒಂದೇ ಕುದುರೆಗೆ ಎರಡೂ ಭಾಷೆ ಬೇಡ.

ಇನ್ನು ಹೊತ್ತು. ಒತ್ತಬೇಕಾದದ್ದು ಬಲ ಹಿಂಗಾಲು ಗಾಳಿಯಲ್ಲಿದ್ದು ಇನ್ನೇನು ಊರಲಿರುವಾಗ. ಟ್ರಾಟ್‌ನಲ್ಲಿ ಎದ್ದು ಕೂತು ಹೋಗುವವರು ಹೊರ ಹೆಗಲು ಮುಂದೆ ಹೋದಾಗ ಏಳುತ್ತಿದ್ದರೆ, ಕೂತ ಕ್ಷಣವೇ ಆ ಹೊತ್ತು. ಎದ್ದಾಗ ಕೇಳಿದರೆ ಹೊರ ಹಿಂಗಾಲು ಆಗಲೇ ನೆಲಕ್ಕೆ ಅಂಟಿರುತ್ತದೆ, ಕುದುರೆ ಸಿಕ್ಕ ಕಾಲಿನಲ್ಲಿ ಹೊರಡುತ್ತದೆ. ಸೂಚನೆ ಪೂರ್ತಿ ಸರಿಯಿದ್ದು ಲೀಡ್ ಮಾತ್ರ ಒಮ್ಮೆ ಬಂದು ಒಮ್ಮೆ ತಪ್ಪುತ್ತಿದ್ದರೆ ನಾನು ಮೊದಲು ನೋಡುವುದು ಈ ಹೊತ್ತನ್ನೇ.

ಕ್ಯಾಂಟರ್ ಬಂದ ಕೂಡಲೇ ಕೈ ಬಿಗಿ ಮಾಡಬೇಡಿ. ಮೊದಲ ನೆಗೆತಕ್ಕೆ ಕುದುರೆಯ ಕತ್ತು ಮುಂದೆ ಹೋಗುತ್ತದೆ, ನಿಮ್ಮ ಕೈಯೂ ಹೋಗಲಿ. ಕೇಳಿದ್ದನ್ನು ಕೊಟ್ಟ ಮೇಲೆ ಬಾಯಿಗೆ ಏಟು ಸಿಕ್ಕರೆ ಮುಂದಿನ ಸಲ ಅದು ಏಕೆ ಕೊಡಬೇಕು?

ಕ್ಯಾಂಟರ್ ಕೇಳಿದರೆ ಟ್ರಾಟ್‌ನಲ್ಲೇ ಜೋರಾಗಿ ಓಡುತ್ತದೆ. ಕೊನೆಗೆ ಯಾವುದೋ ಕಾಲಿನಲ್ಲಿ ಬೀಳುತ್ತದೆ.

‘ಬೀಳುತ್ತದೆ’ ಎಂದಿರಲ್ಲ, ಅದೇ ಸರಿಯಾದ ಪದ. ಓಡಿ ಓಡಿ ಭಾರವೆಲ್ಲ ಮುಂಗಾಲಿಗೆ ಬಂದು, ಎಡವಿದವನು ಓಡುವ ಹಾಗೆ ಅದು ಕ್ಯಾಂಟರ್‌ಗೆ ಬೀಳುತ್ತದೆ. ಹಾಗೆ ಬಂದ ಲೀಡ್ ಸರಿಯಾಗಿದ್ದರೂ ಲೆಕ್ಕಕ್ಕಿಲ್ಲ. ಒಮ್ಮೆ ಕೇಳಿ. ಮೂರು ಹೆಜ್ಜೆಯೊಳಗೆ ಬರಲಿಲ್ಲವೇ, ಕಾಲು ಸಡಿಲಿಸಿ, ಟ್ರಾಟ್ ನಿಧಾನ ಮಾಡಿ, ಅರ್ಧ ಸುತ್ತು ಸುಮ್ಮನೆ ಹೋಗಿ, ಮತ್ತೆ ಕೇಳಿ. ಒದೆಯುತ್ತಾ ಸುತ್ತು ಪೂರ್ತಿ ಹೋದರೆ ಕಾಲಿನ ಒತ್ತು ಎಂದರೆ ಜೋರು ಟ್ರಾಟ್ ಎಂದು ನೀವೇ ಕಲಿಸಿದಂತಾಯಿತು.

ತಪ್ಪು ಕಾಲು ಹಿಡಿದಾಗ ಒಂದು ಏಟು ಕೊಟ್ಟರೆ ಬೇಗ ಕಲಿಯುತ್ತದೆ ಎನ್ನುತ್ತಾರೆ. ನಿಜವೇ?

ಕುದುರೆಯ ಕಡೆಯಿಂದ ನೋಡಿ. ನೀವು ಓಡು ಎಂದಿರಿ, ಅದು ಓಡಿತು, ನೀವು ಹೊಡೆದಿರಿ. ಅದು ಕಲಿಯುವ ಪಾಠ: ಓಡಿದರೆ ಏಟು. ಲೀಡ್ ಎಂಬ ವಿಷಯವೇ ಅದರ ತಲೆಗೆ ಬರುವುದಿಲ್ಲ. ನಾಲ್ಕೈದು ನೆಗೆತ ಹೋಗಲು ಬಿಟ್ಟು, ಮೆಲ್ಲಗೆ ಟ್ರಾಟ್‌ಗೆ ಇಳಿಸಿ, ಪುನಃ ಕೇಳಿ. ಸರಿ ಬಂದ ದಿನ ಎರಡು ಸುತ್ತಾದ ಮೇಲೆ ಇಳಿದುಬಿಡಿ, ಜೀನು ಬಿಚ್ಚಿ. ಬೇಯಿಸಿದ ಹುರುಳಿಗಿಂತ ಬಿಡುವೇ ದೊಡ್ಡ ಬಹುಮಾನ.

ತಲೆಯನ್ನು ಹೊರಗಡೆಗೆ ಎಳೆದರೆ ತಕ್ಷಣ ಸರಿ ಲೀಡ್ ಬರುತ್ತದೆ, ನಾನೇ ಮಾಡಿ ನೋಡಿದ್ದೇನೆ.

ಬರುತ್ತದೆ. ತಲೆ ಹೊರಕ್ಕೆ ತಿರುಗಿದಾಗ ಭಾರ ಹೊರ ಹೆಗಲಿಗೆ ಹೋಗಿ ಒಳ ಹೆಗಲು ಖಾಲಿಯಾಗುತ್ತದೆ, ಕುದುರೆಗೆ ಬೇರೆ ದಾರಿ ಇರುವುದಿಲ್ಲ. ಹೀಗೆ ಕಲಿತ ಕುದುರೆಗಳನ್ನು ನೋಡಿದ್ದೇನೆ: ಸೂಚನೆ ಕೊಟ್ಟ ಕೂಡಲೇ ಪಕ್ಕದ ಮನೆಯವರನ್ನು ಇಣುಕಿ ನೋಡುವಂತೆ ಕತ್ತು ಹೊರಗೆ ಹಾಕಿ ಹೊರಡುತ್ತವೆ. ಅದನ್ನು ಬಿಡಿಸಲು ಆರು ತಿಂಗಳು. ತೀರ ಮೊಂಡಾದ ಕುದುರೆಗೆ ಒಂದೆರಡು ಸಲ ಬಾಗಿಲು ತೋರಿಸಲು ಆದೀತು, ದಿನನಿತ್ಯಕ್ಕೆ ಬೇಡ.

ನೆಲದ ಮೇಲೆ ಕೋಲು ಇಟ್ಟು ಕಲಿಸುವುದು ಹೇಗೆ?

ಸುತ್ತಿನ ಒಂದು ಜಾಗದಲ್ಲಿ ಒಂದೇ ಕೋಲನ್ನು ಅಡ್ಡಲಾಗಿ ಇಡಿ. ಕೆಲವು ದಿನ ಟ್ರಾಟ್‌ನಲ್ಲಿ ದಾಟಿಸಿ. ಅಭ್ಯಾಸವಾದ ಮೇಲೆ, ದಾಟುವ ಹೆಜ್ಜೆಗೇ ಕ್ಯಾಂಟರ್ ಕೇಳಿ, ನಿಮ್ಮ ಕಣ್ಣು ಸುತ್ತಿನ ಒಳಗಡೆಗಿರಲಿ. ಕೋಲಿಗಾಗಿ ಕಾಲೆತ್ತುವಾಗ ಬೆನ್ನೂ ಏಳುತ್ತದೆ, ಆ ಏಳುವಿಕೆಯನ್ನೇ ನಾವು ಕದಿಯುವುದು.

ಬಿದಿರು ಬೇಡ, ತುಳಿದರೆ ಸೀಳಿ ಚುಚ್ಚುತ್ತದೆ. ದುಂಡು ಮರ ಗೊರಸಿನ ಕೆಳಗೆ ಉರುಳುತ್ತದೆ. ನಾವು ಬಿದ್ದ ಅಡಿಕೆ ಮರವನ್ನು ಎರಡು ಸೀಳು ಮಾಡಿ, ಚಪ್ಪಟೆ ಮೈ ಕೆಳಗೆ ಹಾಕಿ, ಸಿಬರು ಏಳದಂತೆ ಗೋಣಿ ಸುತ್ತಿ ಇಡುತ್ತೇವೆ. ಉರುಳುವುದಿಲ್ಲ, ಖರ್ಚೂ ಇಲ್ಲ.

## ಸಿಕ್ಕು ಬಿದ್ದಾಗ

ಎಡಕ್ಕೆ ಚೆನ್ನಾಗಿ ಹಿಡಿಯುತ್ತದೆ. ಬಲಕ್ಕೆ ಮಾತ್ರ ಏನು ಮಾಡಿದರೂ ಇಲ್ಲ.

ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಸಲ ಇರುವ ಪ್ರಶ್ನೆ. ಉಳುವ ಎತ್ತುಗಳಲ್ಲಿ ಎಡಕ್ಕೆ ಕಟ್ಟಿ ಅಭ್ಯಾಸವಾದ ಎತ್ತನ್ನು ಒಂದು ದಿನ ಬಲಕ್ಕೆ ಕಟ್ಟಿ ನೋಡಿದವರಿಗೆ ಉತ್ತರದ ಅರ್ಧ ಗೊತ್ತು. ಕುದುರೆಗೂ ಒಂದು ಮಗ್ಗುಲು ಸಲೀಸು, ಒಂದು ಮಗ್ಗುಲು ಬಿಗಿ. ಆದರೆ ‘ಏನು ಮಾಡಿದರೂ ಇಲ್ಲ’ ಎಂದಾಗ ಅಭ್ಯಾಸವನ್ನು ದೂರುವ ಮೊದಲು ನೋವನ್ನು ಹುಡುಕಬೇಕು.

ಬಲಲೀಡ್‌ನಲ್ಲಿ ಮೊದಲ ಪೆಟ್ಟು ಎಡ ಹಿಂಗಾಲಿನದು. ಆ ಕ್ಷಣ ಇಡೀ ಮೈ ಅದೊಂದರ ಮೇಲೆ. ಕೊನೆಯ ಪೆಟ್ಟು ಬಲ ಮುಂಗಾಲಿನದು, ಆಗಲೂ ಇಡೀ ಮೈ ಅದೊಂದರ ಮೇಲೆ. ಆದ್ದರಿಂದ ಬಲಲೀಡ್ ಬೇಡವೆನ್ನುವ ಕುದುರೆಯಲ್ಲಿ ಎಡ ಹಿಂಗಾಲು ಮತ್ತು ಬಲ ಮುಂಗಾಲನ್ನು ಮುಟ್ಟಿ ನೋಡಿ: ಬಿಸಿ, ಊತ, ಗೊರಸಿನೊಳಗೆ ಕಲ್ಲು, ಲಾಳದ ಮೊಳೆ ಒಳಗೆ ಹೊಕ್ಕಿರುವುದು. ಅನಂತರ ಬೆನ್ನು. ಜೀನು ಕೂರುವ ಜಾಗದಲ್ಲಿ ಬೆನ್ನೆಲುಬಿನ ಎರಡೂ ಪಕ್ಕ ಬೆರಳಿನಿಂದ ಒತ್ತುತ್ತಾ ಹೋಗಿ. ಒಂದು ಕಡೆ ಚರ್ಮ ಅದುರಿ ಬೆನ್ನು ತಗ್ಗಿದರೆ ಜೀನು ಅಲ್ಲಿ ಕಚ್ಚುತ್ತಿದೆ. ಸಂಶಯವಿದ್ದರೆ ಪಶುವೈದ್ಯರನ್ನು ಕರೆಯಿರಿ. ಊರಿನ ವೈದ್ಯರಿಗೆ ದನ ಎಮ್ಮೆಗಳ ಕೆಲಸವೇ ಹೆಚ್ಚಿರುವುದು ಸಹಜ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಅಲ್ಲಿ ವಿಚಾರಿಸಬಹುದು.

ಕುದುರೆಯಲ್ಲಿ ಏನೂ ಸಿಗಲಿಲ್ಲವಾದರೆ ಕನ್ನಡಿ ನೋಡಿಕೊಳ್ಳುವ ಸರದಿ. ಗೌರಿ ಎಂಬ ನಮ್ಮ ಹೆಣ್ಣು ಕುದುರೆ ಒಮ್ಮೆ ಮೂರು ವಾರ ನನಗೆ ಬಲಲೀಡ್ ಕೊಡಲಿಲ್ಲ. ಗೊರಸು ನೋಡಿಸಿದೆ, ಹಲ್ಲು ನೋಡಿಸಿದೆ, ಜೀನಿನ ಕೆಳಗೆ ಇನ್ನೊಂದು ಕಂಬಳಿ ಹಾಕಿದೆ. ನೆಲ ಸರಿಯಿಲ್ಲ ಎಂದು ಜಾಗವನ್ನೂ ಬದಲಾಯಿಸಿದೆ. ಒಂದು ಬೆಳಿಗ್ಗೆ ಸಯೀಸ ನನ್ನ ಹಿಂದಿನಿಂದ ನಡೆದು ಬರುತ್ತಿದ್ದವನು, “ಅಣ್ಣಾ, ಕುದುರೆ ನೆಟ್ಟಗಿದೆ, ನೀವೇ ಡೊಂಕಾಗಿ ಕೂತಿದ್ದೀರಿ” ಎಂದ. ಇಳಿದು ಎರಡೂ ರಿಕಾಬಿನ ಚರ್ಮವನ್ನು ಪಕ್ಕಪಕ್ಕ ಹಿಡಿದು ನೋಡಿದರೆ ಎಡದ್ದು ಎರಡು ಬೆರಳು ಉದ್ದ. ವರ್ಷಗಟ್ಟಲೆ ಎಡಗಡೆಯಿಂದಲೇ ಹತ್ತಿ ಹತ್ತಿ ಅದು ಹಿಗ್ಗಿತ್ತು. ನಾನು ಗೊತ್ತಿಲ್ಲದೆ ಎಡಕ್ಕೆ ಜಾರಿ ಕೂತು, ಬಲಕ್ಕೆ ಹೋಗು ಎಂದು ಅವಳಿಗೆ ಹೇಳುತ್ತಿದ್ದೆ. ಕುಣಿಯಲಾರದವಳು ಅಂಗಳ ಡೊಂಕು ಎಂದ ಗಾದೆಯನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಅದು ಅವನ ದೊಡ್ಡತನ. ಚರ್ಮಗಳನ್ನು ಅದಲುಬದಲು ಮಾಡಿ, ರಂಧ್ರ ಸರಿಹೊಂದಿಸಿ ಹತ್ತಿದೆ. ನಾಲ್ಕನೆಯ ದಿನ ಬಲಲೀಡ್ ಬಂತು. ಈಗ ಪ್ರತಿ ವಾರ ಎಡದ ಚರ್ಮ ಬಲಕ್ಕೆ, ಬಲದ್ದು ಎಡಕ್ಕೆ. ಹತ್ತಲು ಒಂದು ಕಲ್ಲನ್ನೂ ಹಾಕಿಸಿದ್ದೇನೆ.

ಇವೆಲ್ಲ ಸರಿಯಿದ್ದರೆ ಉಳಿಯುವುದು ಬಿಗಿ ಮಗ್ಗುಲು. ಅದಕ್ಕೆ ಬಲಕ್ಕೆ ಹೆಚ್ಚು ಸುತ್ತು ಹೊಡೆಸುವುದು ಮದ್ದಲ್ಲ. ಟ್ರಾಟ್‌ನಲ್ಲಿ ಸುತ್ತನ್ನು ಮೆಲ್ಲಗೆ ಚಿಕ್ಕದು ಮಾಡಿ, ಒಳಗಾಲಿನಿಂದ ಒತ್ತಿ ಪುನಃ ದೊಡ್ಡ ಸುತ್ತಿಗೆ ಪಕ್ಕಕ್ಕೆ ಸರಿಸಿ, ದೊಡ್ಡದಾಗುವ ಕೊನೆಯ ಹೆಜ್ಜೆಯಲ್ಲಿ ಕ್ಯಾಂಟರ್ ಕೇಳಿ.

ಮುಂದಿನ ಕಾಲು ಸರಿ ಇದೆ, ಹಿಂದಿನದು ತಪ್ಪು. ಮೇಲೆ ಕೂತರೆ ಚಕ್ಕಡಿಯಲ್ಲಿ ಕೂತ ಹಾಗಾಗುತ್ತದೆ.

ಮುಂದೆ ಒಂದು ಲೀಡ್, ಹಿಂದೆ ಇನ್ನೊಂದು. ಕ್ರಾಸ್ ಕ್ಯಾಂಟರ್ ಎನ್ನುತ್ತಾರೆ. ತಪ್ಪು ಲೀಡ್‌ಗಿಂತ ಇದು ಅಪಾಯ, ಏಕೆಂದರೆ ಒಂದೇ ಮಗ್ಗುಲಿನ ಎರಡು ಕಾಲು ಒಂದಕ್ಕೊಂದು ತಗಲುತ್ತವೆ. ಕೂಡಲೇ ಟ್ರಾಟ್‌ಗೆ ಇಳಿಸಿ. ಸಣ್ಣ ಸುತ್ತು, ದಣಿವು, ಜಾರುವ ನೆಲ, ಬೆನ್ನಿನ ಅಥವಾ ಹಿಂಗಾಲಿನ ಗಂಟಿನ ನೋವು ಇದರ ಮಾಮೂಲಿ ಕಾರಣಗಳು. ಅಪರೂಪಕ್ಕೆ ಆದರೆ ಸುತ್ತು ದೊಡ್ಡದು ಮಾಡಿ. ದಿನವೂ ಆದರೆ ವೈದ್ಯರು.

ರೇಸ್ ಬಿಟ್ಟ ಕುದುರೆಯನ್ನು ತಂದಿದ್ದೇವೆ. ಅದಕ್ಕೆ ಲೀಡ್ ಗೊತ್ತಿರುವುದಿಲ್ಲವೇ?

ನಿಮಗಿಂತ ಚೆನ್ನಾಗಿ ಗೊತ್ತು. ನೇರ ಓಟದಲ್ಲಿ ದಣಿದ ಕಾಲಿಗೆ ಬಿಡುವು ಕೊಡಲು ಲೀಡ್ ಬದಲಿಸುವುದು ಅದಕ್ಕೆ ನೀರು ಕುಡಿದಷ್ಟು ಸಲೀಸು. ಗೊತ್ತಿಲ್ಲದ್ದು ನಿಮ್ಮ ಕಾಲಿನ ಭಾಷೆ. ಜಾಕಿಯ ಮೊಣಕಾಲು ಮೇಲೆ ಮಡಚಿರುತ್ತದೆ. ಹೊಟ್ಟೆಯ ಪಕ್ಕ ಹಿಂದೆ ಮುಂದೆ ಒತ್ತಿದರೆ ಏನರ್ಥ ಎಂದು ಯಾರೂ ಅದಕ್ಕೆ ಹೇಳಿಲ್ಲ. ಲಗಾಮು ಬಿಗಿ ಹಿಡಿದರೆ ಜೋರಾಗಿ ಓಡಬೇಕು ಎಂದು ಬೇರೆ ಕಲಿತಿರುತ್ತದೆ. ಕೆಲವು ತಿಂಗಳು ಮೇಯಲು ಬಿಡಿ, ಆಮೇಲೆ ನಡಿಗೆಯಿಂದ ಶುರುಮಾಡಿ, ಅದು ಏನೂ ಅರಿಯದ ಮರಿ ಎಂದೇ ತಿಳಿದು.

ನಮ್ಮದು ಮಾರವಾಡಿ ಕುದುರೆ. ಟ್ರಾಟ್ ಮಾಡುವುದೇ ಇಲ್ಲ, ಜಾರಿದ ಹಾಗೆ ಹೋಗುತ್ತದೆ. ಕ್ಯಾಂಟರ್ ಎಲ್ಲಿಂದ ಕೇಳಲಿ?

ಕಿವಿಯ ತುದಿಗಳು ಒಂದನ್ನೊಂದು ಮುಟ್ಟುವ ಆ ಚೆಲುವೆಯರ ಹುಟ್ಟುಗುಣ ಅದು. ರಾಜಸ್ಥಾನದಲ್ಲಿ ಆ ಓಟಕ್ಕೆ ರೇವಾಲ್ ಎನ್ನುತ್ತಾರೆ. ಸವಾರನಿಗೆ ಅದರಷ್ಟು ಸುಖ ಇನ್ನೊಂದಿಲ್ಲ, ಲೀಡ್ ಕಲಿಸುವವನಿಗೆ ಅದರಷ್ಟು ತಲೆನೋವೂ ಇನ್ನೊಂದಿಲ್ಲ. ಕಾಲುಗಳು ಮಗ್ಗುಲು ಮಗ್ಗುಲಾಗಿ ಹೋಗುವುದರಿಂದ ಕ್ಯಾಂಟರ್‌ನ ‘ಕಿ’ಗೆ ಒಟ್ಟಿಗೆ ಊರುವ ಮೂಲೆಜೋಡಿ ಒಡೆದು ತಕಿಟ ಹೋಗಿ ತಕಧಿಮಿಯಾಗುತ್ತದೆ. ಅಲ್ಲಿಂದ ಕೇಳಬೇಡಿ. ನಡಿಗೆಯಿಂದ ನೇರವಾಗಿ, ಏರಿನಲ್ಲಿ, ಕೋಲಿನ ಮೇಲೆ ಕೇಳಿ. ಬಂದ ಕ್ಯಾಂಟರ್‌ನಲ್ಲಿ ಮೂರು ಪೆಟ್ಟು ಕೇಳಿಸುತ್ತಿರುವಷ್ಟು ಹೊತ್ತು ಮಾತ್ರ ಹೋಗಿ.

## ಮುಂದಿನ ಹಂತ

ನಡಿಗೆಯಿಂದ ನೇರ ಕ್ಯಾಂಟರ್ ಯಾವಾಗ?

ಟ್ರಾಟ್‌ನಿಂದ ಎರಡೂ ಕಡೆ ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ಬಂದ ಮೇಲೆ. ಅದು ಬಂದರೆ ಲೀಡ್ ಬದಲಿಸುವ ಮೊದಲ ವಿದ್ಯೆಯೂ ಕೈಗೆ ಬರುತ್ತದೆ: ಎಡಲೀಡ್‌ನಲ್ಲಿ ಹೋಗಿ, ನಡಿಗೆಗೆ ಇಳಿದು, ಮೂರರಿಂದ ಐದು ಹೆಜ್ಜೆ ನಡೆದು, ಬಲಲೀಡ್‌ನಲ್ಲಿ ಹೊರಡುವುದು. ಕುದುರೆಯ ನಡೆಯ ಅಚ್ಚುಕಟ್ಟಿಗೆ ಅಂಕ ಕೊಡುವ ಡ್ರೆಸಾಜ್ ಸ್ಪರ್ಧೆಗಳಲ್ಲಿ ಇದಕ್ಕೆ ಸಿಂಪಲ್ ಚೇಂಜ್ ಎಂದು ಹೆಸರು. ಹೆಸರು ಮಾತ್ರ ಸಿಂಪಲ್.

ಕೌಂಟರ್ ಕ್ಯಾಂಟರ್ ಎಂದರೆ ಬೇಕೆಂದೇ ತಪ್ಪು ಕಾಲಿನಲ್ಲಿ ಓಡಿಸುವುದಂತೆ. ಇಷ್ಟು ಕಷ್ಟಪಟ್ಟು ತಿದ್ದಿದ ಮೇಲೆ ಅದೇಕೆ?

ನೀವು ಕೇಳಿ ಬಂದರೆ ಕೌಂಟರ್ ಕ್ಯಾಂಟರ್, ಕೇಳದೆ ಬಂದರೆ ತಪ್ಪು ಕಾಲು. ಎಡಲೀಡ್ ಇಟ್ಟುಕೊಂಡೇ ತುಸು ಬಲಕ್ಕೆ ಬಾಗುವಾಗ ಕುದುರೆ ತನ್ನ ತೂಕವನ್ನು ತಾನೇ ಹೊರಬೇಕಾಗುತ್ತದೆ, ಬೆನ್ನು ನೆಟ್ಟಗಾಗುತ್ತದೆ. ಎರಡೂ ಲೀಡ್ ಗಟ್ಟಿಯಾಗುವವರೆಗೆ ಇದರ ಸುದ್ದಿಗೆ ಹೋಗಬೇಡಿ. ಅರೆಬರೆ ಕಲಿತ ಕುದುರೆಗೆ ಗೊಂದಲವಷ್ಟೇ ಮಿಗುತ್ತದೆ. ಶುರುವಿನಲ್ಲಿ ಸವಾರಿ ಜಾಗದ ಉದ್ದ ಬದಿಯಲ್ಲಿ ಎರಡು ಮೂರು ಮೀಟರ್ ಒಳಗೆ ಬಂದು ಹಿಂದಿರುಗುವ ಬಳುಕು ಸಾಕು.

ಓಡುತ್ತಿರುವಾಗಲೇ ಕಾಲು ಬದಲಿಸುತ್ತಾರಲ್ಲ, ಟಿವಿಯಲ್ಲಿ ನೋಡಿದೆ. ನನ್ನ ಮಗಳಿಗೂ ಅದನ್ನು ಕಲಿಸಿ.

2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಡ್ರೆಸಾಜ್ ತಂಡ ಸ್ಪರ್ಧೆಯಲ್ಲಿ ಭಾರತಕ್ಕೆ ಚಿನ್ನ ಬಂದ ಮೇಲೆ ಈ ಬೇಡಿಕೆ ಹೆಚ್ಚಾಗಿದೆ. ಸಂತೋಷವೇ. ನೀವು ಕೇಳುವ ಈ ಫ್ಲೈಯಿಂಗ್ ಚೇಂಜ್ ಆಗುವುದು ತಕಿಟದ ಕೊನೆಯ ಆ ಸಣ್ಣ ಮೌನದಲ್ಲಿ, ನಾಲ್ಕೂ ಕಾಲು ನೆಲ ಬಿಟ್ಟ ಕ್ಷಣದಲ್ಲಿ. ಮುಂದೆಯೂ ಹಿಂದೆಯೂ ಒಟ್ಟಿಗೆ ಬದಲಾಗಬೇಕು. ಮುಂದೆ ಬದಲಾಗಿ ಹಿಂದೆ ಉಳಿದರೆ ಅದೇ ಕ್ರಾಸ್ ಕ್ಯಾಂಟರ್. ನಡಿಗೆಯಿಂದ ಕ್ಯಾಂಟರ್, ಸಿಂಪಲ್ ಚೇಂಜ್, ಕೌಂಟರ್ ಕ್ಯಾಂಟರ್, ಈ ಮೂರೂ ಶಾಂತವಾಗಿ ಬರುವ ಕುದುರೆಯ ಮೇಲೆ ಮಾತ್ರ ಇದಕ್ಕೆ ಕೈ ಹಾಕಬೇಕು. ಚೆನ್ನಾಗಿ ನಡೆದರೂ ವರ್ಷಗಳ ಲೆಕ್ಕ ಅದು, ಭಾನುವಾರಗಳ ಲೆಕ್ಕವಲ್ಲ. ಮಗಳು ಮೊದಲು ಕಣ್ಣು ಮುಚ್ಚಿಕೊಂಡು ಎಡ ಬಲ ಹೇಳಲಿ.

ನಮ್ಮ ಗೌರಿ ಇದನ್ನು ಒಂದೇ ಒಂದು ಸಲ ಅಚ್ಚುಕಟ್ಟಾಗಿ ಮಾಡಿದ್ದಾಳೆ. ಗದ್ದೆಯ ತುದಿಯಲ್ಲಿ ಎಡಲೀಡ್‌ನಲ್ಲಿ ಬರುತ್ತಿದ್ದಾಗ ಪಕ್ಕದ ತೋಟದಲ್ಲಿ ಅಡಿಕೆ ಹಾಳೆಯೊಂದು ದಡಾರೆಂದು ಬಿತ್ತು. ಅವಳು ಬೆಚ್ಚಿ, ಗಾಳಿಯಲ್ಲೇ ಕಾಲು ಬದಲಿಸಿ, ಬಲಕ್ಕೆ ತಿರುಗಿ ಹೊರಟಳು. ಬೇಲಿಯ ಬಳಿ ನಿಂತಿದ್ದ ಅಪ್ಪಂದಿರು ಚಪ್ಪಾಳೆ ತಟ್ಟಿದರು. ನಾನು ಅವರನ್ನು ತಿದ್ದಲಿಲ್ಲ.